ನೋಡುವ ಕಣ್ಣಿನ ಕರ್ಮ

ನಮ್ಮೂರ ಬಸದಿಯ ಮುಂದಿನ ಬಯಲು ಟ್ರಸ್ಟಿಗೆ ಸೇರಿದ್ದು. ವರ್ಷದ ಹೆಚ್ಚಿನ ಕಾಲ ಅಲ್ಲಿ ದನಗಳು ಮೇಯುತ್ತವೆ. ವಾರ್ಷಿಕ ರಥೋತ್ಸವದ ಐದು ದಿನ ಮಾತ್ರ ಅದು ಪೇಟೆಯಾಗುತ್ತದೆ. ಬಳೆ, ಬೆಂಡು ಬತ್ತಾಸು, ಆಟಿಕೆ, ತಿರುಗುವ ತೊಟ್ಟಿಲು, ಇವೆಲ್ಲಕ್ಕೂ ಜಾಗ ಅಳೆದು ಬಾಡಿಗೆ ಗೊತ್ತುಮಾಡುವುದು ಆಡಳಿತ ಮಂಡಳಿಯ ಹೊಣೆ. 1996ರಲ್ಲಿ ನಾನು ಆ ಮಂಡಳಿಯ ಕಾರ್ಯದರ್ಶಿಯಾಗಿದ್ದೆ. ಆ ವರ್ಷ ಬಂದ ಅರ್ಜಿಗಳಲ್ಲಿ ಒಂದು ಡೇರೆಯ ಪ್ರದರ್ಶನದವರದು. ಎರಡೂವರೆ ಅಡಿ ಎತ್ತರದ ಮನುಷ್ಯನನ್ನು ತೋರಿಸುತ್ತೇವೆ, ಎರಡು ರೂಪಾಯಿ ಟಿಕೆಟ್ಟು, ಜಾಗದ ಬಾಡಿಗೆಯನ್ನು ಮುಂಗಡವಾಗಿ ಕೊಡುತ್ತೇವೆ ಎಂದು ಬರೆದಿದ್ದರು.

ಸಭೆಯಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಅಹಿಂಸಾಧರ್ಮದ ಅಂಗಳದಲ್ಲಿ ಮನುಷ್ಯನನ್ನೇ ನೋಟದ ವಸ್ತುವಾಗಿಸಿ ಹಣ ಮಾಡುವುದು ಸಲ್ಲದೆಂದು ಹಿರಿಯರೊಬ್ಬರು ಹೇಳಿದರು, ಎಲ್ಲರೂ ಒಪ್ಪಿದರು. ಠರಾವನ್ನು ನಡಾವಳಿ ಪುಸ್ತಕದಲ್ಲಿ ನಾನೇ ಬರೆದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಅಂದು ರಾತ್ರಿ ಮಲಗಿದೆ.

ಮರುದಿನ ಬೆಳಿಗ್ಗೆ ಡೇರೆಯ ಮಾಲೀಕನು ಬರಲಿಲ್ಲ. ಆ ಮನುಷ್ಯನೇ ಬಂದ. ನಮ್ಮ ಕಚೇರಿಗೆ ಹಳೆಯ ಕಾಲದ ಐದು ಕಲ್ಲಿನ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿಗೂ ಎರಡು ಕೈ ಊರಿ ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಕೈ ಮುಗಿದ.

“ಸಾಹೇಬ್ರ, ನನ್ನ ನೋಡಾಕ ಬರವರ್ನ ನೀವು ಬ್ಯಾಡ ಅಂದ್ರಿ. ನಿಮಗ ಪುಣ್ಯ ಬರ್ಲಿ. ಇನ್ನ ನನಗ ಕೆಲಸ ಕೊಡವರ್ನ ಯಾರನ್ನರ ತೋರಸ್ರಿ” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಕಿಸೆಯಿಂದ ಐವತ್ತು ರೂಪಾಯಿ ತೆಗೆದು ಮುಂದೆ ಹಿಡಿದೆ. “ಬ್ಯಾಡ್ರಿ, ನಾ ಬೇಡಾಕ ಬಂದಿಲ್ಲ” ಎಂದು ಹೇಳಿ, ಹತ್ತಿ ಬಂದ ಹಾಗೆಯೇ ಇಳಿದು ಹೋದ. ಆ ವಾರ ಪಕ್ಕದ ಊರಿನ ಜಾತ್ರೆಯಲ್ಲಿ ಅವರ ಡೇರೆ ಬಿದ್ದಿತೆಂದು ಅನಂತರ ತಿಳಿಯಿತು. ನಮ್ಮ ಠರಾವಿನಿಂದ ಒಂದು ಡೇರೆ ಮೂರು ಮೈಲಿ ಸರಿದಿತ್ತು, ಅಷ್ಟೆ.

ಆ ಮನುಷ್ಯನ ಮುಖ ನನ್ನನ್ನು ಅಷ್ಟೊಂದು ಕಾಡಲು ಇನ್ನೊಂದು ಕಾರಣವಿತ್ತು. ನನ್ನ ಸೋದರತ್ತೆಯೂ ಮೂರಡಿ ದಾಟದ ಹೆಂಗಸು. ಆಕೆಗೆ ಮದುವೆಯಾಗಲಿಲ್ಲ. ಅಡಿಗೆಮನೆಯಲ್ಲಿ ಮಣೆಯ ಮೇಲೆ ನಿಂತು ಇಡೀ ಕುಟುಂಬಕ್ಕೆ ಅನ್ನ ಬೇಯಿಸಿದಳು. ಭಕ್ತಾಮರದ 48 ಶ್ಲೋಕಗಳೂ ಆಕೆಗೆ ಕಂಠಪಾಠವಾಗಿದ್ದವು. ಬಸದಿಗೆ ಮಾತ್ರ ಬೆಳಗಿನ ಜಾವ, ಜನ ಬರುವ ಮೊದಲೇ ಹೋಗಿ ದರ್ಶನ ಮುಗಿಸಿ ಬರುತ್ತಿದ್ದಳು. ಅಕ್ಕನನ್ನು ನೋಡಲು ಬೀಗರು ಬಂದಾಗ ಅತ್ತೆಯನ್ನು ಹಿತ್ತಲ ಕೋಣೆಯಲ್ಲಿರಲು ಹೇಳಿದ್ದರು. ಅದು ಕ್ರೌರ್ಯವೆಂದು ನಮ್ಮ ಮನೆಯಲ್ಲಿ ಯಾರಿಗೂ ತೋರಲಿಲ್ಲ. ಮನೆಯ ಮರ್ಯಾದೆಯ ಮಾತೆಂದೇ ಎಲ್ಲರೂ ತಿಳಿದಿದ್ದರು, ಬಹುಶಃ ಅತ್ತೆ ಕೂಡ.

ನನಗೆ ಒಂಬತ್ತು ವರ್ಷವಾಗಿದ್ದಾಗ ಜಾತ್ರೆಯಲ್ಲಿ ಇಂಥದೇ ಒಂದು ಡೇರೆ ಬಂದಿತ್ತು. ಹೊರಗೆ ಬಟ್ಟೆಯ ಮೇಲೆ ಬರೆದ ದೊಡ್ಡ ಚಿತ್ರ; ಅದರಲ್ಲಿ ಒಬ್ಬ ಮನುಷ್ಯ ಹಾಲಿನ ಲೋಟದ ಪಕ್ಕದಲ್ಲಿ ನಿಂತಿದ್ದ, ಲೋಟದಷ್ಟೇ ಎತ್ತರ. ನಾನು ಹಟ ಹಿಡಿದೆ. ಮನೆಯಲ್ಲಿ ಬೇರೆ ಯಾರಿಗೂ ಬಿಡುವಿರಲಿಲ್ಲ. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ನನ್ನ ಕೈಹಿಡಿದು ನಡೆದಳು. ಒಳಗೆ ಒಂದು ಮೇಜಿನ ಮೇಲಿಟ್ಟ ಪುಟ್ಟ ಕುರ್ಚಿಯಲ್ಲಿ ಆ ಮನುಷ್ಯ ಕುಳಿತು ಪತ್ರಿಕೆ ಓದುತ್ತಿದ್ದ. ಲೋಟದಷ್ಟು ಇರಲಿಲ್ಲ, ಅತ್ತೆಯಷ್ಟೇ ಇದ್ದ. ಜನ ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಮೇಜಿನ ಬಳಿಗೆ ಹೋಗಿ ತಲೆ ಎತ್ತಿ ಕೇಳಿದಳು: “ಊಟಾ ಆತೇನ ತಮ್ಮಾ?” ಆತ ಪತ್ರಿಕೆ ಮಡಿಸಿ ಎದ್ದು ನಿಂತು ಹೇಳಿದ: “ಇನ್ನೂ ಇಲ್ರಿ ಅಕ್ಕಾರ. ಮಂದಿ ಕಡಿಮಿ ಆದ ಮ್ಯಾಲ.” ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ನಾನು ನಕ್ಕಿದ್ದನ್ನು ಆಕೆ ನೋಡಿದ್ದಳು.

ಕಚೇರಿಗೆ ಬಂದಿದ್ದ ಮನುಷ್ಯ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ, ಈ ಬಗೆಯ ಪ್ರದರ್ಶನಗಳ ಇತಿಹಾಸವನ್ನು ಓದತೊಡಗಿದೆ. ನಮ್ಮ ಜಾತ್ರೆಯ ಡೇರೆ ಒಂಟಿ ಡೇರೆ. ಅಮೆರಿಕದಲ್ಲಿ ಮಾತ್ರ ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ಊರಿಂದೂರಿಗೆ ಹೋಗುವ ಸರ್ಕಸ್ಸು ಹಾಗೂ ಕಾರ್ನಿವಲ್‌ಗಳ ಮಗ್ಗುಲಲ್ಲಿ ಒಂದು ಪ್ರತ್ಯೇಕ ಡೇರೆ. ಅದನ್ನು ಸೈಡ್‌ಶೋ ಎನ್ನುತ್ತಿದ್ದರು. ಹೊರಗೆ ಸಾಲಾಗಿ ಕಟ್ಟಿದ ಚಿತ್ರಪಟಗಳು, ವೇದಿಕೆಯ ಮೇಲೆ ನಿಂತು ಜನರನ್ನು ಕೂಗಿ ಕರೆಯುವ ವಾಚಾಳಿ, ಒಳಗೆ ಸಾಲಾಗಿ ಸಣ್ಣ ವೇದಿಕೆಗಳು. ಅತಿ ಎತ್ತರದವರು, ಅತಿ ಗಿಡ್ಡವರು, ಕೈಕಾಲಿಲ್ಲದೆ ಹುಟ್ಟಿದವರು, ಅಂಟಿಕೊಂಡು ಹುಟ್ಟಿದ ಅವಳಿಗಳು, ಗಡ್ಡ ಬೆಳೆದ ಸ್ತ್ರೀಯರು, ಇವರೊಡನೆ ಕತ್ತಿ ನುಂಗುವವರು, ಬೆಂಕಿ ತಿನ್ನುವವರು. ಚಿತ್ರಪಟಗಳಲ್ಲಿ ಗಿಡ್ಡವನು ಇನ್ನೂ ಗಿಡ್ಡವನು, ಎತ್ತರದವನು ಇನ್ನೂ ಎತ್ತರದವನು. ಈ ವ್ಯಾಪಾರದ ಮೊದಲ ಬಂಡವಾಳ ಅಸತ್ಯ.

ಆ ಉದ್ಯಮದ ಹೆಸರಾಂತ ವ್ಯಾಪಾರಿ ಪಿ. ಟಿ. ಬಾರ್ನಮ್ 1835ರಲ್ಲಿ ತನ್ನ ಪ್ರದರ್ಶನಗಳನ್ನು ಆರಂಭಿಸಿದ್ದು ಜಾಯ್ಸ್ ಹೆತ್ ಎಂಬ ಕುರುಡಿ, ಗುಲಾಮ ವೃದ್ಧೆಯಿಂದ. ಆಕೆಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್ನನನ್ನು ಎತ್ತಿ ಆಡಿಸಿದ ದಾದಿ ಈಕೆ ಎಂದು ಪ್ರಚಾರ ಮಾಡಿದ. ಮರುವರ್ಷ ಆಕೆ ಸತ್ತಾಗ ಶವಪರೀಕ್ಷೆಯನ್ನೂ 50 ಸೆಂಟ್ ಟಿಕೆಟ್ಟಿಗೆ ಜನರ ಮುಂದೆ ನಡೆಸಲಾಯಿತು. ಆಕೆಯ ವಯಸ್ಸು 80ಕ್ಕಿಂತ ಹೆಚ್ಚಿರಲಾರದೆಂದು ವೈದ್ಯರು ಹೇಳಿದರು. ದಕ್ಷಿಣ ಆಫ್ರಿಕದ ಸಾರಾ ಬಾರ್ಟ್‌ಮನ್ ಎಂಬಾಕೆಯದು ಇನ್ನೂ ದೀರ್ಘವಾದ ಕಥೆ. ಆಕೆಯನ್ನು 1810ರಲ್ಲಿ ಲಂಡನ್ನಿಗೆ ತಂದು ದೇಹದ ಆಕಾರಕ್ಕಾಗಿ ಪ್ರದರ್ಶಿಸಿದರು. 1815ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಮೇಲೆ ಆಕೆಯ ಅಸ್ಥಿಪಂಜರ ಅಲ್ಲಿನ ವಸ್ತುಸಂಗ್ರಹಾಲಯ ಸೇರಿತು, ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದವರೆಗೂ ನೋಡುಗರ ಮುಂದಿತ್ತು. 2002ರಲ್ಲಿ, ಸತ್ತು 187 ವರ್ಷಗಳಾದ ಮೇಲೆ, ಆಕೆಗೆ ತನ್ನ ನಾಡಿನ ಮಣ್ಣು ದೊರೆಯಿತು.

ಇಷ್ಟು ಓದಿದಾಗ ನಮ್ಮ ಠರಾವು ಸರಿಯೆಂದೇ ಅನ್ನಿಸಿತು. ಮುಂದೆ ಓದಿದಂತೆ ಆ ಸಮಾಧಾನ ನಿಲ್ಲಲಿಲ್ಲ. ಇಂಗ್ಲೆಂಡಿನ ಜೋಸೆಫ್ ಮೆರಿಕ್ ಎಂಬವನ ಮುಖ ಹಾಗೂ ದೇಹ ರೋಗದಿಂದ ವಿಪರೀತವಾಗಿ ಬೆಳೆದಿದ್ದವು. ಜನ ಅವನನ್ನು ಆನೆ ಮನುಷ್ಯನೆಂದು ಕರೆದರು. ಅವನನ್ನು ಯಾರೂ ಹಿಡಿದು ತಂದು ಡೇರೆಗೆ ಕೂಡಲಿಲ್ಲ. ನಿರ್ಗತಿಕರ ದುಡಿಮೆಮನೆಯಲ್ಲಿ ವರ್ಷಗಳನ್ನು ಕಳೆದು, ಅಲ್ಲಿಂದ ಪಾರಾಗಲು 1884ರಲ್ಲಿ ತಾನಾಗಿಯೇ ಪ್ರದರ್ಶನದವರಿಗೆ ಪತ್ರ ಬರೆದ. ಬೇರೆ ಯಾವ ಬಾಗಿಲೂ ತೆರೆಯದಿದ್ದಾಗ ಅವನಿಗೆ ತೆರೆದದ್ದು ಅದೊಂದೇ. 1886ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದು ಆಶ್ರಯ ಕೊಟ್ಟಿತು. 1890ರಲ್ಲಿ, 27ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡ. ಬಾರ್ನಮ್ ನಾಲ್ಕು ವರ್ಷದ ಮಗುವಾಗಿದ್ದಾಗ ಕರೆತಂದು ಹನ್ನೊಂದು ವರ್ಷವೆಂದು ಸುಳ್ಳು ಹೇಳಿ ಮೆರೆಸಿದ ಚಾರ್ಲ್ಸ್ ಸ್ಟ್ರಾಟನ್, ಅಂದರೆ ‘ಜನರಲ್ ಟಾಮ್ ಥಂಬ್’, ದೊಡ್ಡವನಾಗಿ ಶ್ರೀಮಂತನಾದ. ಬಾರ್ನಮ್ ಸಾಲದಲ್ಲಿ ಮುಳುಗಿದಾಗ ಕೈಹಿಡಿದವರಲ್ಲಿ ಅವನೂ ಒಬ್ಬ. ಅಂಟಿಕೊಂಡು ಹುಟ್ಟಿದ ಹಿಲ್ಟನ್ ಸಹೋದರಿಯರ ಗಳಿಕೆಯನ್ನು ಸಾಕಿದವರೇ ನುಂಗಿದರು. 1931ರಲ್ಲಿ ನ್ಯಾಯಾಲಯಕ್ಕೆ ಹೋಗಿ ಬಿಡುಗಡೆ ಪಡೆದ ಆ ಸಹೋದರಿಯರು ಕೊನೆಯ ದಿನಗಳಲ್ಲಿ ಕಿರಾಣಿ ಅಂಗಡಿಯೊಂದರಲ್ಲಿ ದುಡಿದರು. ಹೀಗೆ ಒಬ್ಬರ ಬಾಳು ಇನ್ನೊಬ್ಬರಂತಿಲ್ಲ. ಎಲ್ಲರನ್ನೂ ಒಂದೇ ಮರುಕದಲ್ಲಿ ಅಳೆಯುವುದು ಎಲ್ಲರನ್ನೂ ಒಂದೇ ಡೇರೆಯಲ್ಲಿ ನಿಲ್ಲಿಸಿದಂತೆಯೇ.

ಫ್ಲಾರಿಡಾ ರಾಜ್ಯದ ಗಿಬ್ಸನ್‌ಟನ್ ಎಂಬ ಊರಿನ ವಿಷಯ ಓದಿದಾಗ ನನಗೆ ಅತ್ತೆಯ ನೆನಪು ಬಂತು. ಪ್ರದರ್ಶನದ ಕಲಾವಿದರು ಚಳಿಗಾಲದ ಬಿಡುವಿನಲ್ಲಿ ಬಂದು ನೆಲೆಸಿ ಬೆಳೆಸಿದ ಊರದು. ದೈತ್ಯನೆಂದು ಪ್ರದರ್ಶನಗೊಳ್ಳುತ್ತಿದ್ದ ಆಲ್ ಟೊಮೈನಿ ಅಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ. ಅವನ ಹೆಂಡತಿ ಜೀನಿ ಕಾಲುಗಳಿಲ್ಲದೆ ಹುಟ್ಟಿದವಳು. ಗಿಡ್ಡ ದೇಹದವರಿಗೆ ನಿಲುಕುವಂತೆ ಅಲ್ಲಿನ ಅಂಚೆ ಕಚೇರಿಯಲ್ಲಿ ಒಂದು ಕಟ್ಟೆಯನ್ನು ತಗ್ಗಾಗಿ ಕಟ್ಟಿದ್ದರು. ಅಂಚೆಚೀಟಿ ಕೊಳ್ಳಲು ಯಾರೂ ಮಣೆ ಹೊತ್ತು ಹೋಗಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಅತ್ತೆ ಜೀವನವಿಡೀ ಮಣೆಯ ಮೇಲೆ ನಿಂತಳು. ಒಲೆಯನ್ನು ಒಂದಡಿ ತಗ್ಗಿಸಬಹುದೆಂದು ನಮಗಾರಿಗೂ ಹೊಳೆಯಲಿಲ್ಲ.

ನಮ್ಮ ಕಚೇರಿಯಲ್ಲಿ ಎದ್ದ ಪ್ರಶ್ನೆ ದೊಡ್ಡ ನ್ಯಾಯಾಲಯಗಳನ್ನೂ ಮುಟ್ಟಿದೆ. ಅಂಗವಿಕಲರನ್ನು ಹಣಕ್ಕಾಗಿ ಪ್ರದರ್ಶಿಸಬಾರದೆಂದು ಫ್ಲಾರಿಡಾದಲ್ಲಿ 1921ರ ಒಂದು ಕಾನೂನಿತ್ತು. ತೋಳುಗಳು ಬೆಳೆಯದೆ ಭುಜಕ್ಕೇ ಕೈಗಳು ಹತ್ತಿದ್ದ ಸ್ಟ್ಯಾನ್ಲಿ ಬೆರೆಂಟ್ ಎಂಬ ಕಲಾವಿದ ಹಾಗೂ ಬೆಂಕಿ ತಿನ್ನುವ ಒಬ್ಬ ಗಿಡ್ಡ ದೇಹದ ಕಲಾವಿದ ಅದನ್ನು ಪ್ರಶ್ನಿಸಿದರು. 1972ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾನೂನನ್ನು ರದ್ದುಮಾಡಿ, ಅವರ ದುಡಿಮೆಯ ಹಕ್ಕನ್ನು ಎತ್ತಿಹಿಡಿಯಿತು. ಫ್ರಾನ್ಸಿನಲ್ಲಿ ಇದಕ್ಕೆ ವಿರುದ್ಧವಾದ ತೀರ್ಪು ಬಂತು. ರಕ್ಷಾಕವಚ ತೊಟ್ಟ ಗಿಡ್ಡ ಮನುಷ್ಯನನ್ನು ಪ್ರೇಕ್ಷಕರು ಎತ್ತಿ ಎಸೆಯುವ ಆಟವೊಂದು ಅಲ್ಲಿ ನಡೆಯುತ್ತಿತ್ತು. ಮೊರ್ಸಾಂಗ್ ಎಂಬ ಊರಿನ ಮೇಯರ್ 1991ರಲ್ಲಿ ಅದನ್ನು ನಿಷೇಧಿಸಿದರು. ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ 1995ರಲ್ಲಿ, ಮನುಷ್ಯನ ಘನತೆಗೆ ಕುಂದು ಬರುವುದೆಂದು ನಿಷೇಧವನ್ನು ಒಪ್ಪಿತು. ಎಸೆಯಲ್ಪಡುತ್ತಿದ್ದ ಮಾನ್ಯುಯೆಲ್ ವಾಕೆನ್‌ಹೈಮ್ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟ. ತನ್ನಂಥವರಿಗೆ ಬೇರೆ ಕೆಲಸವಿಲ್ಲ, ದುಡಿಮೆ ಇರುವುದೇ ತನ್ನ ಘನತೆ ಎಂಬುದು ಅವನ ವಾದ. 2002ರಲ್ಲಿ ಸಮಿತಿ ಅದನ್ನು ತಳ್ಳಿಹಾಕಿತು.

ಒಂದು ನ್ಯಾಯಾಲಯ ದುಡಿಮೆಯನ್ನು ರಕ್ಷಿಸಿತು, ಇನ್ನೊಂದು ಘನತೆಯನ್ನು ರಕ್ಷಿಸಿತು. ಎರಡೂ ತೀರ್ಪುಗಳು ವೇದಿಕೆಯ ಮೇಲಿದ್ದವನನ್ನು ಕುರಿತವು. ಟಿಕೆಟ್ಟು ಕೊಂಡವನು ಎಲ್ಲಿಯೂ ಕಟಕಟೆಗೆ ಬರಲಿಲ್ಲ. ಶಾಸ್ತ್ರ ಮಾತ್ರ ಅವನನ್ನು ಬಿಡುವುದಿಲ್ಲ. ಇದನ್ನು ನಾನು ತಡವಾಗಿ ಅರಿತೆ.

“ಅವರವರ ಕರ್ಮ ಅವರಿಗೆ, ನಾವೇನು ಮಾಡಲು ಸಾಧ್ಯ?” ಎನ್ನುವ ಮಾತು ನಮ್ಮ ಮನೆಗಳಲ್ಲಿ ಸುಲಭವಾಗಿ ಬರುತ್ತದೆ. ನಮ್ಮ ಅತ್ತೆಯ ವಿಷಯದಲ್ಲಿಯೂ ಅದೇ ಮಾತಿತ್ತು. ಕರ್ಮಸಿದ್ಧಾಂತದ ಹೆಸರಿನಲ್ಲಿ ಆಡುವ ಈ ಮಾತನ್ನು ಕರ್ಮಸಿದ್ಧಾಂತದ ಮುಂದೆಯೇ ಇಟ್ಟು ನೋಡೋಣ. ದೇಹದ ಆಕಾರ ನಾಮಕರ್ಮದ ಉದಯದಿಂದ ಆದದ್ದು. ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜ, ವಾಮನ, ಹುಂಡಕ ಎಂದು ಆರು ಸಂಸ್ಥಾನಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ನಾಮಕರ್ಮವು ಅಘಾತಿ ಕರ್ಮ; ಆತ್ಮನ ಜ್ಞಾನದರ್ಶನಾದಿ ಗುಣಗಳನ್ನು ಅದು ಘಾತಿಸುವುದಿಲ್ಲ. ವಾಮನ ದೇಹವನ್ನು ಕಂಡು ನಗುವ ಹಾಸ್ಯ, ಮುಖ ಸಿಂಡರಿಸುವ ಜುಗುಪ್ಸೆ, ಇವು ಯಾವ ಕರ್ಮದವು? ಇವು ನೋಕಷಾಯಗಳು, ಚಾರಿತ್ರಮೋಹನೀಯದ ಭೇದಗಳು. ಮೋಹನೀಯವು ಘಾತಿ ಕರ್ಮ, ಘಾತಿಗಳಲ್ಲಿ ಪ್ರಬಲವಾದದ್ದು.

ಗುಣಸ್ಥಾನಗಳ ಲೆಕ್ಕದಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆರು ಸಂಸ್ಥಾನಗಳ ಉದಯವನ್ನು ಕರ್ಮಗ್ರಂಥಗಳು ಹದಿಮೂರನೆಯ ಗುಣಸ್ಥಾನದವರೆಗೂ ಹೇಳುತ್ತವೆ. ತೀರ್ಥಂಕರರದು ಸಮಚತುರಸ್ರ ಸಂಸ್ಥಾನವೆಂಬುದು ನಿಜ. ಸಾಮಾನ್ಯ ಕೇವಲಿಯ ದೇಹ ಕುಬ್ಜವಾಗಿರಬಹುದು, ವಾಮನವಾಗಿರಬಹುದು. ಹಾಸ್ಯ ಜುಗುಪ್ಸೆಗಳ ಉದಯವಾದರೋ ಎಂಟನೆಯ ಗುಣಸ್ಥಾನದ ಕೊನೆಯಲ್ಲಿ ನಿಲ್ಲಲೇಬೇಕು. ಅವು ನಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ಮೂರಡಿಯ ದೇಹ ಕೇವಲಜ್ಞಾನಕ್ಕೆ ಅಡ್ಡಿಯಲ್ಲ, ಅದನ್ನು ನೋಡಿ ನಕ್ಕ ನನ್ನ ನಗು ಅಡ್ಡಿ. ಆ ದಿನ ಡೇರೆಯಲ್ಲಿ ಮರುಕಕ್ಕೆ ಪಾತ್ರನಾದವನು ಯಾರೆಂದು ಓದುಗರೇ ನಿರ್ಣಯಿಸಲಿ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಅದಕ್ಕೆ ದೃಷ್ಟಾಂತವಾಗಿ ಸಮಂತಭದ್ರಾಚಾರ್ಯರು ಉದ್ದಾಯನ ರಾಜನನ್ನು ಹೆಸರಿಸುತ್ತಾರೆ. ರೋಗಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡಿಕೊಂಡಾಗ ರಾಜನು ಹೇಸದೆ ತನ್ನ ಕೈಯಿಂದಲೇ ತೊಳೆದು, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿದ್ದೀತೆಂದು ನೊಂದುಕೊಂಡ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಕಥೆ ರತ್ನತ್ರಯಧಾರಿಯಾದ ಮುನಿಯ ದೇಹವನ್ನು ಕುರಿತದ್ದು, ಡೇರೆಯ ಮನುಷ್ಯನಿಗೆ ಅನ್ವಯಿಸದು ಎಂದು ಕೆಲವರು ಹೇಳಬಹುದು. ದೇಹ ಸ್ವಭಾವತಃ ಅಶುಚಿ, ಹೇಸಿಗೆ ಪಡದೆ ಗುಣವನ್ನು ನೋಡು ಎಂಬುದು ಆ ಅಂಗದ ಸಾರ. ಎದುರಿಗಿರುವವನ ಗುಣವನ್ನು ಅರಿಯಲು ಒಂದು ಮಾತನ್ನಾದರೂ ಆಡಿಸದೆ, ಆಕಾರದಲ್ಲಿಯೇ ಕಣ್ಣು ನೆಟ್ಟು ನಿಂತವನು ಆ ಸಾರವನ್ನು ಮುಟ್ಟಲಾರ.

ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳನ್ನು ನಾವು ಮಾಂಸ ಮದ್ಯಗಳ ವಿಷಯದಲ್ಲಿ ಚೆನ್ನಾಗಿ ಬಲ್ಲೆವು. ಮನುಷ್ಯರ ವಿಷಯದಲ್ಲಿ ಮರೆಯುತ್ತೇವೆ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಟಕ್ಕೆ ಬಳಸಬಾರದೆಂದು ಕೇಂದ್ರ ಸರಕಾರ 1998ರಲ್ಲಿ ಪ್ರಕಟಿಸಿದ ಆದೇಶವನ್ನು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಾಗ ನಾವು ಸಂತೋಷಪಟ್ಟೆವು, ಅದು ಸರಿಯೇ. ಅದೇ ಸರ್ಕಸ್ಸಿನಲ್ಲಿ ಬೆನ್ನಿಗೆ ಪೆಟ್ಟು ತಿಂದು ನಗಿಸುತ್ತಿದ್ದ ಗಿಡ್ಡ ಜೋಕರನ ವಿಷಯದಲ್ಲಿ ನಾವು ಏನನ್ನೂ ಕೇಳಲಿಲ್ಲ. ಕಳೆದ ವರ್ಷ ನಮ್ಮವರದೇ ಒಂದು ದೊಡ್ಡ ಮದುವೆಗೆ ಹೋಗಿದ್ದೆ. ಮಂಟಪದ ಬಾಗಿಲಲ್ಲಿ, ಬಣ್ಣದ ಟೊಪ್ಪಿಗೆ ತೊಟ್ಟ ಒಬ್ಬ ಗಿಡ್ಡ ಯುವಕ ಬಂದವರಿಗೆಲ್ಲ ಸಲಾಮು ಹೊಡೆಯುತ್ತಿದ್ದ. ಮಕ್ಕಳು ಅವನ ಟೊಪ್ಪಿಗೆ ಕಿತ್ತು ಓಡುತ್ತಿದ್ದರು, ಹಿರಿಯರು ಫೋಟೋ ತೆಗೆಯುತ್ತಿದ್ದರು. ಒಳಗೆ ಬೇರುತರಕಾರಿ ಇಲ್ಲದ ಶುದ್ಧ ಭೋಜನ. ಬೇರಿನ ಜೀವಗಳ ಬಗೆಗೆ ಇದ್ದ ಎಚ್ಚರ ಬಾಗಿಲಿನ ಜೀವದ ಬಗೆಗೆ ಇರಲಿಲ್ಲ. ನಾನೂ ಅಲ್ಲಿ ಉಂಡೇ ಬಂದೆ.

ಹಾಗಾದರೆ ಏನು ಮಾಡಬೇಕು? ಬರಿಯ ನಿಷೇಧ ಸಾಲದೆಂಬುದನ್ನು 1996ರ ನಮ್ಮ ಠರಾವೇ ತೋರಿಸಿತು. ಬರಿಯ ಅನುಮತಿಯೂ ಸಲ್ಲದು. ಡೇರೆಯನ್ನು ಬೇಡವೆನ್ನುವ ಟ್ರಸ್ಟು ಅದೇ ಸಭೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಎತ್ತಬೇಕು: ಈ ಮನುಷ್ಯನಿಗೆ ನಮ್ಮಲ್ಲಿ ಯಾವ ಕೆಲಸವಿದೆ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗಿಡ್ಡ ದೇಹವನ್ನೂ ಸೇರಿಸಿ 21 ಬಗೆಯ ವಿಕಲತೆಗಳನ್ನು ಹೆಸರಿಸಿ, ಸರಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಶೇಕಡಾ 4ರ ಮೀಸಲು ಇಟ್ಟಿದೆ. ನಮ್ಮ ಟ್ರಸ್ಟುಗಳು ನಡೆಸುವ ಶಾಲೆ, ವಿದ್ಯಾರ್ಥಿನಿಲಯ, ಗ್ರಂಥಭಂಡಾರ, ಯಾತ್ರಿಕರ ವಸತಿಗಳಲ್ಲಿ ನಾವೇ ಆ ನಿಯಮವನ್ನು ಮನಸಾ ಪಾಲಿಸಬಾರದೇಕೆ? ಮದುವೆಯ ಬಾಗಿಲಲ್ಲಿ ಟೊಪ್ಪಿಗೆ ತೊಟ್ಟು ನಿಲ್ಲುವವನಿಗೆ ಅದೇ ಕೂಲಿ ಕೊಟ್ಟು, ಆಹೇರು ಬರೆಯುವ ಮೇಜಿನ ಹಿಂದೆ ಕೂಡಿಸಲು ಯಾವ ಅಡ್ಡಿಯಿದೆ? ಎಲ್ಲಕ್ಕೂ ಮೊದಲು, ಆತನನ್ನು ಕುರಿತು ನಾವೇ ನಿರ್ಣಯಿಸದೆ ಆತನನ್ನೇ ಕೇಳಬೇಕು. 1996ರ ಸಭೆಗೆ ನಾವು ಅವನನ್ನು ಕರೆಯಲಿಲ್ಲ. ಅವನ ಹೆಸರನ್ನೂ ಕೇಳಲಿಲ್ಲ. ಅರ್ಜಿಯಲ್ಲಿ ಇದ್ದದ್ದು ಮಾಲೀಕನ ಹೆಸರು. ನಡಾವಳಿ ಪುಸ್ತಕದಲ್ಲಿಯೂ ಅದೇ ಇದೆ.

ನಮ್ಮ ಕಚೇರಿಯ ಐದು ಮೆಟ್ಟಿಲುಗಳು ಇಂದಿಗೂ ಅಷ್ಟೇ ಎತ್ತರವಾಗಿವೆ. ಪಕ್ಕದಲ್ಲಿ ತಗ್ಗು ಮೆಟ್ಟಿಲುಗಳನ್ನೂ ಹಿಡಿಗಂಬಿಯನ್ನೂ ಕಟ್ಟಬೇಕು, ಬಸದಿಯಲ್ಲಿ ಗಂಧೋದಕದ ಪಾತ್ರೆಯನ್ನು ಎಲ್ಲರ ಕೈಗೂ ನಿಲುಕುವಷ್ಟು ಕೆಳಗಿಡಬೇಕು, ಬರುವ ವರ್ಷ ಖಾಲಿಯಾಗುವ ಗುಮಾಸ್ತರ ಜಾಗಕ್ಕೆ ವಿಕಲಚೇತನರಿಂದ ಮೊದಲು ಅರ್ಜಿ ಕರೆಯಬೇಕು ಎಂಬ ಮೂರು ಸೂಚನೆಗಳನ್ನು ಬರೆದು ಮುಂದಿನ ಸಭೆಗೆ ಒಪ್ಪಿಸಿದ್ದೇನೆ. ಅಂಗೀಕಾರವಾಗುವುದೋ ಇಲ್ಲವೋ ಹೇಳಲಾರೆ. ವೆಚ್ಚದ ಮಾತು ಬರಬಹುದು. ಗಂಧೋದಕದ ಪಾತ್ರೆಯನ್ನು ಕೆಳಗಿಡಲು ವೆಚ್ಚವಿಲ್ಲ.

ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಆಕೆ ಶಾಸ್ತ್ರ ಓದಿದವಳಲ್ಲ. ಸಂಸ್ಥಾನ, ನೋಕಷಾಯಗಳ ಹೆಸರೂ ಆಕೆಗೆ ಗೊತ್ತಿರಲಿಲ್ಲ. ಡೇರೆಯಲ್ಲಿದ್ದ ಅಷ್ಟು ಜನರಲ್ಲಿ ಆ ಮನುಷ್ಯನಿಗೆ ಊಟವಾಗಿದೆಯೇ ಎಂದು ಕೇಳಿದವಳು ಆಕೆಯೊಬ್ಬಳೇ. ಕಚೇರಿಯ ಮೆಟ್ಟಿಲು ಹತ್ತಿ ಬಂದವನಿಗೆ ನಾನು ಐವತ್ತು ರೂಪಾಯಿ ಕೊಡಹೋದೆ. ಆ ಪ್ರಶ್ನೆಯನ್ನು ಕೇಳಲಿಲ್ಲ. ಪರ್ಯುಷಣದ ಕೊನೆಗೆ ಕ್ಷಮಾವಾಣಿಯ ದಿನ ಪ್ರತಿವರ್ಷ ಎಲ್ಲರ ಕ್ಷಮೆ ಕೇಳುತ್ತೇನೆ. ಆ ಸಾಲಿನಲ್ಲಿ ಹೆಸರು ತಿಳಿಯದ ಇಬ್ಬರಿದ್ದಾರೆ, ಹೆಸರು ತಿಳಿದ ಒಬ್ಬಳಿದ್ದಾಳೆ.